ಇಳಿಯುವ ಜಾಗ

ಬ್ರೇಕ್ ಮುಟ್ಟಬಾರದು ಎಂದುಕೊಂಡಷ್ಟೂ ಬೆರಳು ಅಲ್ಲಿಗೇ ಹೋಗುತ್ತಿತ್ತು. ಕಾಡಿನ ಇಳಿಜಾರು. ಚಕ್ರದಡಿಯ ಜಲ್ಲಿ ಸಿಡಿದು ಲಂಟಾನದ ಪೊದೆಗೆ ಬೀಳುತ್ತಿತ್ತು. ಮುಂದೆ ರಜನೀಶನ ಹಳದಿ ಹೆಲ್ಮೆಟ್ಟು, ಹಿಂದೆ ಧನ್ಯಾಳ ಏದುಸಿರು. ನಡುವೆ ಸಂಘಮಿತ್ರಾ. ಹಾಸನದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಗುಡ್ಡ ಮುಗಿದ ಮೇಲೆ ಸಿಗುವ ಊರಿನ ಬಗ್ಗೆ ಯೋಚಿಸಬಾರದೆಂದು ಯೋಚಿಸುತ್ತಿದ್ದಳು.

ಆ ಊರಲ್ಲಿ ಸೈಕಲ್ಲಿನಿಂದ ಇಳಿಯಬೇಕು. ತಾನು ಇಳಿಯುವುದಿಲ್ಲ. ಅಷ್ಟೇ ವಿಷಯ.

ಬೆಳಿಗ್ಗೆ ಗೊರೂರಿನಲ್ಲಿ ಕಾರು ನಿಲ್ಲಿಸಿ, ನಾಲೆಯ ಏರಿಯ ಮೇಲೆ ಮೂವರೂ ಹೊರಟಿದ್ದರು. ರಜನೀಶ ಹಲ್ಲಿನ ಡಾಕ್ಟರು. ಭಾನುವಾರ ಯಾರ ಬಾಯಿಯನ್ನೂ ನೋಡಬೇಕಾಗಿಲ್ಲವೆಂದೇ ಸೈಕಲ್ ಹತ್ತುತ್ತೇನೆ ಎನ್ನುತ್ತಿದ್ದ. ಧನ್ಯಾ ಬ್ಯಾಂಕಿನಲ್ಲಿದ್ದಳು. ದಪ್ಪ ಟೈರು, ಬಾಗಿದ ಹ್ಯಾಂಡಲ್ಲಿನ ಈ ಗ್ರಾವೆಲ್ ಬೈಕುಗಳನ್ನು ಮೂವರೂ ಒಟ್ಟಿಗೇ ಕೊಂಡಿದ್ದರು. ಡಾಂಬರಿಲ್ಲದ ದಾರಿ ಸಾಕು, ಜನರಿಲ್ಲದಿದ್ದರೆ ಇನ್ನೂ ಒಳ್ಳೆಯದು. ಕಾಡಿನ ಹಾದಿ ಸಂಘಮಿತ್ರಾಳಿಗೆ ಇಷ್ಟವಾದದ್ದು ಅದಕ್ಕೇ. ಆನೆ ಲದ್ದಿಯ ವಾಸನೆ, ಎಲ್ಲೋ ಕುಟುಕುವ ಮರಕುಟಿಗ. ಯಾರೂ ಏನೂ ಕೇಳುವುದಿಲ್ಲ.

ಗುಡ್ಡದ ನೆತ್ತಿಯಲ್ಲಿ ನೀರು ಕುಡಿಯಲು ನಿಂತಾಗ ರಜನೀಶ ಹೇಳಿದ್ದ.

"ಮುಂದೆ ಬಿದರೆಮಟ್ಟಿ. ಕಮಾನಿಂದ ಅರಳಿಕಟ್ಟೆ ತನಕ ಎಲ್ಲರೂ ಇಳಿದು ನಡೀಬೇಕಂತೆ. ಅಲ್ಲೊಂದು ಅಮ್ಮನ ಗುಡಿ ಇದೆ. ಸೂಪರ್ ಅಲ್ವಾ? ಒಂದು ರೀಲ್ ಮಾಡೋಣ."

"ಎಲ್ಲರೂನಾ?"

"ಬೋರ್ಡಲ್ಲಿ ಹಂಗೇ ಇದೆಯಂತೆ ಮೇಡಂ. ಹಳೇ ಪದ್ಧತಿ."

"ಪದ್ಧತಿ ಹಳೇದು. ಬೋರ್ಡು ಹೊಸದು."

ಧನ್ಯಾ ತಿರುಗಿ ನೋಡಿದಳು. "ನಿಂಗೆ ಆ ಊರು ಗೊತ್ತಾ?"

"ಇಲ್ಲ."

ಗೊತ್ತಿತ್ತು. ಅಪ್ಪ ದ್ಯಾವಯ್ಯ ಆ ಊರಿಗೆ ಟಪಾಲು ತರುತ್ತಿದ್ದವನು. ಶಾಲೆಗೆ ರಜವಿದ್ದ ದಿನ ಸೈಕಲ್ಲಿನ ಮುಂದಿನ ಕಬ್ಬಿಣದ ಬಾರಿಗೆ ಟವೆಲ್ ಸುತ್ತಿ ಮಗಳನ್ನು ಕೂರಿಸಿಕೊಳ್ಳುತ್ತಿದ್ದ. ಊರು ಬರುತ್ತಲೇ ನಿಲ್ಲಿಸಿ, ಕಂಕುಳಿಗೆ ಕೈ ಹಾಕಿ ಅವಳನ್ನು ಇಳಿಸಿ, ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ.

"ಯಾಕಪ್ಪಾ ಇಳ್ದೆ?"

"ಚೈನು ಸಡ್ಲ ಕಣವ್ವಾ."

ಅರಳಿಕಟ್ಟೆ ದಾಟಿದ ಮೇಲೆ ಚೈನು ತಾನಾಗಿಯೇ ಬಿಗಿಯಾಗುತ್ತಿತ್ತು. ಬಹಳ ವರ್ಷ ಅವಳು ಅದನ್ನು ನಂಬಿದ್ದಳು. ಕಾಲೋನಿಯವರು ಆ ಬೀದಿಯಲ್ಲಿ ಸೈಕಲ್ಲಿನ ಮೇಲೆ ಕೂತು ಹೋಗುವಂತಿಲ್ಲ ಎಂದು ತಿಳಿದದ್ದು ಹೈಸ್ಕೂಲಿನಲ್ಲಿ, ಬೇರೆ ಯಾರೋ ಜಗಳದಲ್ಲಿ ಅಂದಾಗ. ಆಮೇಲೆ ಎಂದೋ ಅದರ ಮೇಲೆ ಒಂದು ಪೊಲೀಸ್ ದೂರು ಆಯಿತು. ಅದಾದ ಮೇಲೆ ಬೋರ್ಡು ಬಂತು. ಅದರಲ್ಲಿ ‘ಎಲ್ಲರೂ’ ಇಳಿಯಬೇಕು ಎಂದು ಬರೆದಿತ್ತು.

ಅವಳು ಹುಟ್ಟಿದ ವರ್ಷವೇ ಅಪ್ಪ ಮೈಸೂರಿಗೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ. ಮಗಳ ಹೆಸರನ್ನು ಅಲ್ಲಿಂದಲೇ ತಂದಿದ್ದ. ಅಂಥ ಹೆಸರಿಟ್ಟ ಕೈಯೇ ಅವಳನ್ನು ಸೈಕಲ್ಲಿನಿಂದ ಇಳಿಸಿತ್ತು.

ಇವತ್ತು ಬೆಳಿಗ್ಗೆ ಅವಳು ಶೂ ಕಟ್ಟಿಕೊಳ್ಳುವಾಗ ಅಪ್ಪ ಹಾಸನದ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ.

"ಯಾವ ಕಡೆ?"

"ಬಿದರೆಮಟ್ಟಿ ಮೇಲೆ ರಾಮನಾಥಪುರ."

ಅಪ್ಪ ಕಾಫಿ ಆರಿಸಿದ. ಅದು ಆಗಲೇ ಆರಿತ್ತು. "ಅಲ್ಲಿ ರಸ್ತೆ ಸರಿ ಇಲ್ಲ."

"ಈಗ ಕಾಂಕ್ರೀಟ್ ಹಾಕವ್ರಂತೆ."

"ಹಂಗಾ."

ಅಷ್ಟೇ. ಲೋಟ ತೊಳೆದಿಡಲು ತಾನೇ ಎದ್ದು ಒಳಗೆ ಹೋದ.

ಕಾಡು ಮುಗಿದು ಕಮಾನು ಕಂಡಿತು. ರಜನೀಶ ಇಳಿದ. ಧನ್ಯಾ ಇಳಿದು, ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡಳು. ಇಬ್ಬರೂ ಬೋರ್ಡು ಓದುತ್ತಿರುವಾಗಲೇ ಹಾಲಿನ ಕ್ಯಾನು ಕಟ್ಟಿದ ಮೋಟಾರ್ ಬೈಕೊಂದು ಹಾರನ್ ಹೊಡೆದುಕೊಂಡು ಕಮಾನಿನಡಿ ನುಗ್ಗಿ ಬೀದಿಯುದ್ದಕ್ಕೂ ಹೋಯಿತು. ಅವರಿಬ್ಬರೂ ಅದನ್ನು ನೋಡಲಿಲ್ಲ. ಅಥವಾ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಸಂಘಮಿತ್ರಾ ಪೆಡಲಿನಿಂದ ಕಾಲು ತೆಗೆಯದೆ ಒಳಗೆ ಹೋದಳು.

ಬೀದಿ ಚಿಕ್ಕದು. ನೆನಪಿನಲ್ಲಿ ಇದು ಮುಗಿಯುತ್ತಲೇ ಇರಲಿಲ್ಲ. ಅರಳಿಕಟ್ಟೆಯ ಮೇಲೆ ಮೂರ್ನಾಲ್ಕು ಜನ ಕೂತಿದ್ದರು. ಬಿಳಿ ಅಂಗಿಯ ಒಬ್ಬಾತ ಮೊಬೈಲಿನಿಂದ ತಲೆಯೆತ್ತಿದ. ಪಕ್ಕದವರು ಅವನನ್ನು ಬಸವರಾಜಣ್ಣ ಎನ್ನುತ್ತಿದ್ದರು.

"ತಾಯೀ, ಇಳೀರವ್ವಾ. ಬೋರ್ಡ್ ನೋಡ್ನಿಲ್ವಾ?"

"ನೋಡಿದೆ."

"ಓದಾಕ್ ಬರಾಕಿಲ್ವಾ?"

ಯಾರೋ ನಕ್ಕರು. ಅವಳು ಕಟ್ಟೆಯ ಕಲ್ಲಿಗೆ ಒಂದು ಕಾಲು ಆನಿಸಿ, ಸೀಟಿನ ಮೇಲೆಯೇ ಉಳಿದಳು. ಇದು ಇಳಿದಂತಲ್ಲ.

"ಬರುತ್ತೆ. ಇಳಿಯಲ್ಲ."

"ಅಲ್ಲ ಕಣವ್ವಾ..."

"ಈಗ ಬೈಕಲ್ಲಿ ಹೋದವನು ಇಳಿಯಲಿಲ್ಲವಲ್ಲ."

"ಅವ್ನು ಊರ ಹೈದ. ಅಮ್ಮಂಗೆ ಮನೆ ಮಗ ಇದ್ದಂಗೆ." ಬಸವರಾಜು ಅವಳ ಬಟ್ಟೆ, ಸೈಕಲ್ಲು, ಮುಖವನ್ನು ಒಂದೊಂದಾಗಿ ನೋಡಿದ. "ನೀನ್ಯಾರ ಪೈಕಿ?"

ಈ ಪ್ರಶ್ನೆಗೆ ಅವಳು ಬದುಕಿಡೀ ತಯಾರಾಗಿದ್ದಳು. ಹಾಸನದಲ್ಲಿ ಬಾಡಿಗೆ ಮನೆ ಹುಡುಕುವಾಗ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದರು; ಅವಳು ಬೇರೆ ಬೇರೆ ಮಾತಿನಲ್ಲಿ ತಪ್ಪಿಸಿಕೊಂಡಿದ್ದಳು. ಇವತ್ತು ತಪ್ಪಿಸಿಕೊಳ್ಳುವುದಿಲ್ಲ. ಹಿಂದೆ ಧನ್ಯಾ, ರಜನೀಶ ಬಂದು ನಿಂತದ್ದು ಗೊತ್ತಾಯಿತು. ಒಳ್ಳೆಯದೇ ಆಯಿತು.

"ದ್ಯಾವಯ್ಯನವರ ಮಗಳು. ಪೋಸ್ಟ್ ದ್ಯಾವಯ್ಯ. ಗುಡ್ಡದ ಆಚೆ ಕಾಲೋನಿ."

ಅವನ ಮುಖ ಬಿಗಿಯುವುದನ್ನು ಅವಳು ಕಾದಳು. ಅದಕ್ಕೆ ಉತ್ತರ ಸಿದ್ಧವಿತ್ತು. ದೌರ್ಜನ್ಯ ತಡೆ ಕಾಯಿದೆಯ ಸೆಕ್ಷನ್ನುಗಳು ಬಾಯಿಪಾಠವಾಗಿದ್ದವು.

ಮುಖ ಅರಳಿತು.

"ಅಯ್, ನಮ್ ಪೋಸ್ಟ್ ದ್ಯಾವಯ್ಯನ ಮಗಳಾ! ಎಂಗವ್ನವ್ವಾ ಅವ್ನು? ಚೆಂದಾಗವ್ನಾ?" ಪಕ್ಕದವನ ತೊಡೆ ತಟ್ಟಿದ. "ನೋಡ್ಲಾ, ಎಂತಾ ಮರ್ವಾದಸ್ತ ಅಂತೀಯಾ! ಒಂದಿನ ಯಾರೂ ಇಳೀ ಅಂದೋರಿಲ್ಲ. ಅವ್ನಾಗವ್ನೇ ಇಳ್ಕಂಡು, ಚಪ್ಲಿ ಕೈಲಿ ಇಡ್ಕಂಡು ಓಗೋನು."

ಚಪ್ಪಲಿ.

ಅವಳಿಗೆ ಚೈನು ನೆನಪಿತ್ತು. ಚಪ್ಪಲಿ ನೆನಪಿರಲಿಲ್ಲ. ಬಾರಿನ ಮೇಲಿಂದ ಇಳಿದ ಮಗು ಅಪ್ಪನ ಪಕ್ಕ ನಡೆಯುವಾಗ ಅಪ್ಪನ ಪಾದವನ್ನು ನೋಡಿರಲೇಬೇಕು. ನೋಡದಿರಲು ಸಾಧ್ಯವಿಲ್ಲ.

"ಓಗೋನು ಅಲ್ಲ, ಹೋಗೋರು," ಎಂದಳು. ದನಿ ತನಗೇ ತೆಳ್ಳಗೆ ಕೇಳಿಸಿತು.

"ಆಯ್ತು ಕಣವ್ವಾ, ಓಗೋರು." ಅವನು ಬೇಸರಿಸಿಕೊಳ್ಳಲಿಲ್ಲ. "ಮೇಡಮ್ಮೋರು ಅಂತ ಕಾಣ್ತದೆ. ದ್ಯಾವಯ್ಯನ ಮಗ್ಳು ಅಂದ್ಮ್ಯಾಲೆ ನಮ್ಮೂರ ಮಗ್ಳೇ. ನೀನು ಹತ್ಕಂಡೇ ಓಗು, ಯಾರೂ ಏನೂ ಅನ್ನಾಕಿಲ್ಲ. ನಾನ್ ಹೇಳಿವ್ನಿ."

ರಜನೀಶ ಸಮಾಧಾನದ ಉಸಿರು ಬಿಟ್ಟ. "ಥ್ಯಾಂಕ್ಸ್ ಸರ್," ಎಂದ, ಅವಳ ಪರವಾಗಿ.

ಸಂಘಮಿತ್ರಾ ಕಟ್ಟೆಯಿಂದ ಕಾಲು ತೆಗೆದಳು. ಈಗ ಮುಂದೆ ಹೋದರೆ ಅವನ ಅಪ್ಪಣೆಯಾಗುತ್ತದೆ. ಇಳಿದರೆ ಅಪ್ಪನ ನಡಿಗೆಯಾಗುತ್ತದೆ. ಜಗಳವೊಂದನ್ನು ಇಷ್ಟು ವರ್ಷ ಮಡಿಚಿಟ್ಟುಕೊಂಡು ಬಂದರೆ, ತೆಗೆದುಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ.

ಬೀದಿಯ ತುದಿಯಲ್ಲಿ ತಿರುಗಿಸಿದಳು. ವಾಪಸ್ ಕಮಾನಿನವರೆಗೆ ಬಂದಳು. ಮತ್ತೆ ತಿರುಗಿಸಿದಳು.

"ಏನಾರಾ ಬಿದ್ದೋಯ್ತೇನವ್ವಾ?" ಬಸವರಾಜು ಕೇಳಿದ.

"ಇಲ್ಲ."

ಅಪ್ಪ ಇಲ್ಲಿ ನಡೆದಷ್ಟು ಸಲ ತಾನು ತುಳಿಯುತ್ತೇನೆ. ಒಂದು ಸಲ ಬಿಡುವ ದಯೆ ಬೇಡ. ಬಿಸಿಲು ಇರುವಷ್ಟೂ, ಕಾಲಿನಲ್ಲಿ ಬಲ ಇರುವಷ್ಟೂ, ಇವರು ಬೇಡ ಎನ್ನುವವರೆಗೆ. ಇವರು ಇಳಿ ಎನ್ನಬೇಕು. ಬಾಯಿಬಿಟ್ಟು ಎನ್ನಬೇಕು.

ಧನ್ಯಾ ಅಡ್ಡ ಬಂದಳು. "ಮಿತ್ರಾ, ಏನ್ ಮಾಡ್ತಿದ್ದೀಯಾ? ಬಿಟ್ರಲ್ಲ ಅವರು."

"ಅದಕ್ಕೇ."

"ರಾಮನಾಥಪುರದಲ್ಲಿ ತಿಂಡಿ ಮುಗ್ದೋಗುತ್ತೆ ಕಣೇ."

"ನೀವು ಹೋಗಿ."

ಅವರು ಕಟ್ಟೆ ದಾಟುವ ತನಕ ಸೈಕಲ್ ತಳ್ಳಿಕೊಂಡು ನಡೆದು, ಅಲ್ಲಿ ಹತ್ತಿಕೊಂಡು ಹೋದರು.

ಕಟ್ಟೆಯವರು ಮೊದಲು ಅವಳನ್ನು ನೋಡಿದರು. ಒಬ್ಬ ವಿಡಿಯೋ ತೆಗೆದ. ಮತ್ತೆ ಅದೇ ಸೈಕಲ್ಲು ಬಂತು, ಅದೇ ಹೋಯಿತು. ಬೇಸರವಾಯಿತೇನೋ, ಬಸವರಾಜು ತನ್ನ ಮೊಬೈಲಿಗೆ ಮರಳಿದ.

"ಯಾಕಣ್ಣೋ ಇಂಗ್ ಸುತ್ತುತಾವ್ಳೆ?" ಎಂದ ಪಕ್ಕದವನು.

"ಬುಡ್ಲಾ. ಪ್ಯಾಟೆಯೋರು. ಎಕ್ಸೈಜು."

ಅವಳಿಗೆ ಕೇಳಿಸಿತು. ತುಳಿದಳು. ತೊಡೆ ಉರಿಯುತ್ತಿತ್ತು. ಬೆವರು ಕಣ್ಣಿಗಿಳಿದು ಕಮಾನು, ಗುಡಿ, ಬಿಳಿ ಅಂಗಿ ಎಲ್ಲ ಕಲಸಿಕೊಂಡವು. ಇಳಿ ಎಂದು ಯಾರೂ ಹೇಳಲಿಲ್ಲ.

ಒಂದು ಮನೆಯಿಂದ ಮುದುಕಿಯೊಬ್ಬಳು ಒಂದು ತೆಕ್ಕೆ ಒಣಗಿದ ಹುರುಳಿ ಗಿಡ ಹೊತ್ತು ಬಂದು ಬೀದಿಗೆ ಹರಡಿದಳು. ಸುಗ್ಗಿಯಲ್ಲಿ ಎಲ್ಲರೂ ಹಾಗೇ ಮಾಡುವುದು. ಹೋಗಿಬರುವ ಗಾಡಿಗಳು ತುಳಿದರೆ ಕಾಳು ಬಿಡುತ್ತದೆ.

"ಟ್ರ್ಯಾಕ್ಟ್ರು ಬತ್ತೀನಿ ಅಂದೋನು ಬರ್ನಿಲ್ಲ," ಎಂದಳು ಮುದುಕಿ. "ಎಂಗೂ ತಿರುಗಾಡ್ತಾ ಇದ್ದೀಯಲ್ಲಾ, ಒಸಿ ಇದ್ರ ಮ್ಯಾಲೆ ತುಳಿ ನನ್ನವ್ವಾ."

ಪಕ್ಕದಲ್ಲಿ ಜಾಗವಿರಲಿಲ್ಲ. ದಾಟಬೇಕಾದರೆ ಇಳಿಯಬೇಕು, ಇಲ್ಲವೇ ತುಳಿಯಬೇಕು. ಅವಳು ಇಳಿಯಲಿಲ್ಲ. ದಪ್ಪ ಟೈರಿನಡಿ ಕಾಯಿಗಳು ಪಟಪಟ ಒಡೆದವು.

"ಆಂ, ಅಂಗೇ! ತೂಕ ಸಾಲ್ದು, ಗಟ್ಯಾಗಿ ತುಳಿ!"

ಸದ್ದು ಕೇಳಿ ಎದುರು ಮನೆಯ ಹೆಂಗಸು ತನ್ನ ಗಿಡವನ್ನೂ ತಂದಳು. ಅವಳ ಹಿಂದೆ ಇನ್ನೊಬ್ಬಳು. ಕಮಾನಿನಿಂದ ಕಟ್ಟೆಯವರೆಗೆ ಕಾಂಕ್ರೀಟು ಕಾಣದಾಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು, ಹ್ಯಾಂಡಲ್ ಬಿಗಿಹಿಡಿದು, ಸಂಘಮಿತ್ರಾ ಸೀಟಿನ ಮೇಲೆಯೇ ಇದ್ದಳು. ಅವಳು ಹಾದುಹೋದಂತೆಲ್ಲ ಬೀದಿಯ ಎರಡೂ ಬದಿಯ ಹೆಂಗಸರು ಸೆರಗು ಬಿಗಿದು ಸೊಂಟ ಬಗ್ಗಿಸುತ್ತಿದ್ದರು, ಅವಳ ಚಕ್ರದ ಹಿಂದೆ ಉದುರಿದ ಕಾಳನ್ನು ತಮ್ಮ ತಮ್ಮ ಬಾಗಿಲ ಕಡೆ ಗುಡಿಸಿಕೊಳ್ಳಲು.