ಬೀಸುವ ಕಲ್ಲು ನಿಂತಾಗ

ಇನ್ನೊಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಸುರಿದು ಕರುಣಮ್ಮ ಗೂಟ ಹಿಡಿದು ತಿರುಗಿಸಿದಳು. ಎದುರಿಗೆ ಗೋಡೆಗೊರಗಿ ಕೂತಿದ್ದ ಮಗಳು ಎಸ್ತೇರಿ, ತೊಡೆಯ ಮೇಲೆ ಬೈಬಲಿನ ಸುವಾರ್ತೆಯ ಪುಸ್ತಕ ಬಿಡಿಸಿಕೊಂಡು, ತಪ್ಪಿಸಿಕೊಂಡ ಕುರಿಯ ಕಥೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಕಲ್ಲು ಒಂದು ಸುತ್ತು ಬಂದರೆ ಒಂದು ಮಾತು. ಚಿಕ್ಕವನು ಮೋಶೆ ಅಕ್ಕನ ದನಿಗೆ ದನಿ ಕೂಡಿಸುತ್ತಿದ್ದ.

"ಏನೇ ಕರುಣಾ, ನಿನ್ನ ಮನೆ ಇಸ್ಕೂಲು ಕೆರೆ ಏರಿ ತಂಕ ಕೇಳ್ತೈತಲ್ಲೇ!" ಪಕ್ಕದ ಮನೆಯ ಅಕ್ಕಯಮ್ಮ ಬೇಲಿಯ ಮೇಲಿಂದ ಇಣುಕಿದಳು. "ನಮ್ಮ ಎಮ್ಮೆಗೂ ಬಾಯಿಪಾಠ ಆಗೋಯ್ತು. ಹಾಲು ಕರೆಯಕ್ಕೆ ಕೂತ್ರೆ ತಲೆ ಆಡಿಸ್ತೈತೆ."

"ಕಳಿಸಕ್ಕಾ, ಎಮ್ಮೇನೂ ಸೇರಿಸ್ಕೊತೀನಿ."

"ನಗು, ನಗು. ನಿಮ್ಮ ಉಪದೇಶಿ ಅಮ್ಮನ ಛತ್ರಿ ಏರಿ ಮೇಲೆ ಬರ್ತಾ ಐತೆ. ಅದನ್ನ ಹೇಳಕ್ಕೇ ಬಂದೆ."

ಕರುಣಮ್ಮ ಕಲ್ಲನ್ನು ಇನ್ನೂ ಜೋರಾಗಿ ತಿರುಗಿಸಿದಳು.

ಕುಂದಾಣದ ಹತ್ತಿರದ ಆ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಈ ಮಕ್ಕಳನ್ನು ಒಳಗೆ ಸೇರಿಸದೆ ಸೂರಿನ ಕೆಳಗೆ ಮಣ್ಣಿನಲ್ಲಿ ಕೂರಿಸಿದ್ದರು. ಅದನ್ನು ಕಂಡ ದಿನವೇ ಗಂಡ ಯೇಸುದಾಸಪ್ಪ ಇಬ್ಬರನ್ನೂ ಕೈಹಿಡಿದು ಮನೆಗೆ ಕರೆತಂದಿದ್ದ. ಯುದ್ಧಕ್ಕೆಂದು ಪಟಾಲಂ ಸೇರಿ ಸಮುದ್ರ ದಾಟುವ ಮುಂಚೆ ಕ್ರೈಸ್ತ ಸಭೆಯ ಅಯ್ಯನವರ ಮುಂದೆ ನಿಂತು, "ನನ್ನ ಹೆಂಡ್ತಿ ಓದಿದೋಳು, ಮನೇಲೇ ಕಲಿಸ್ತಾಳೆ" ಎಂದು ಹೆಮ್ಮೆಯಿಂದ ಹೇಳಿದ್ದ. ಅಯ್ಯನವರು ಒಪ್ಪಿದರು. ಆದರೆ ಈ ಸಲದ ರಾಗಿ ಕಣದ ಹೊತ್ತಿಗೆ ಮಕ್ಕಳಿಗೆ ಓದು ಬಾರದಿದ್ದರೆ ಎಸ್ತೇರಿಯನ್ನು ಬೆಂಗಳೂರಿನ ಬೋರ್ಡಿಂಗಿಗೆ ಸೇರಿಸುವುದೆಂದು ಮಾತಾಗಿತ್ತು. ಹಿರಿಯ ಮಗಳು ಹನ್ನಿ ಹೋಗಿದ್ದೂ ಅಲ್ಲಿಗೇ. ಎರಡನೆಯ ಮಳೆಗಾಲದಲ್ಲಿ ಜ್ವರ ಬಂತು. ಊರಿಗೆ ತಿರುಗಿ ಬಂದದ್ದು ಅವಳ ತಗಡಿನ ಪೆಟ್ಟಿಗೆ ಮಾತ್ರ.

ಕಣ ಮುಗಿದಿತ್ತು. ಆದರೆ ಕಲಿಸಬೇಕಾದ ಕರುಣಮ್ಮನಿಗೇ ಓದು ಬರುತ್ತಿರಲಿಲ್ಲ.

ಅವಳ ಅವ್ವ ರಾಗಿ ಬೀಸುವಾಗ ಅಪ್ಪ ಪಕ್ಕದಲ್ಲಿ ಕೂತು ಸುವಾರ್ತೆ ಹೇಳುತ್ತಿದ್ದ. ಕಲ್ಲಿನ ಸದ್ದಿನ ಜೊತೆಗೆ ಅದೆಲ್ಲ ಅವಳ ನಾಲಗೆಗೆ ಇಳಿದುಬಿಟ್ಟಿತ್ತು. ಹೆಣ್ಣು ನೋಡಲು ಬಂದವರು ಕೈಗೆ ಪುಸ್ತಕ ಕೊಟ್ಟಾಗ ಹೆದರಿ ಗಡಗಡನೆ ಹೇಳಿದಳು. ಓದಿದ ಹುಡುಗಿ ಎಂದರು, ಸುಮ್ಮನಿದ್ದಳು. ಆಮೇಲೆ ನಿಜ ಬಾಯಿಬಿಡಲು ಹೊತ್ತೇ ಸಿಗಲಿಲ್ಲ. ಗಂಡನ ಕಾಗದ ಬಂದರೆ, ಒಲೆಯ ಹೊಗೆಗೆ ಕಣ್ಣು ಮಂಜೆಂದು ಅಂಚೆಯ ಪಿಳ್ಳಣ್ಣನಿಂದ ಓದಿಸುವಳು. ಪ್ರತಿ ಕಾಗದದ ಕೊನೆಗೂ "ನಿನ್ನ ಕೈಯಾರೆ ಎರಡು ಗೆರೆ ಬರಿ" ಎಂದಿರುತ್ತಿತ್ತು. "ಬರ್ಕೊಡ್ಲಾ?" ಎಂದು ಪಿಳ್ಳಣ್ಣ ಕೇಳಿದರೆ, "ನಾನೇ ಬರೀತೀನಿ ಬಿಡಣ್ಣ" ಎನ್ನುವಳು. ವರ್ಷಗಳು ಕಳೆದವು, ಒಂದು ಗೆರೆಯೂ ಹೋಗಲಿಲ್ಲ.

ಛತ್ರಿ ಬಾಗಿಲಲ್ಲಿ ಮುಚ್ಚಿತು. ಸಭೆಯ ಪರವಾಗಿ ಮಕ್ಕಳ ಓದು ಪರೀಕ್ಷಿಸಲು ಉಪದೇಶಿ ದೇವಕೃಪಮ್ಮ ಒಳಗೆ ಬಂದರು. ಕರುಣಮ್ಮ ಎದ್ದು ನಿಂತಳು. ಕಲ್ಲು ನಿಂತಿತು. ಎಸ್ತೇರಿಯ ಓದೂ ನಿಂತಿತು.

"ಯಾಕೆ ಮಗಾ, ಓದು."

ಎಸ್ತೇರಿ ಪುಸ್ತಕ ನೋಡಲಿಲ್ಲ, ಕಲ್ಲು ನೋಡಿದಳು. ದೇವಕೃಪಮ್ಮನೂ ಕಲ್ಲು ನೋಡಿದರು.

"ಬೀಸು ಕರುಣಾ."

ಕಲ್ಲು ತಿರುಗಿತು. ಕುರಿಯ ಕಥೆ ನಿಂತಲ್ಲಿಂದ ಹರಿಯತೊಡಗಿತು. ದೇವಕೃಪಮ್ಮ ಮೆಲ್ಲಗೆ ಬಗ್ಗಿ ಹುಡುಗಿಯ ತೊಡೆಯ ಮೇಲಿನ ಪುಸ್ತಕ ಮುಚ್ಚಿದರು. ಕಣ್ಣು ಅರೆಮುಚ್ಚಿದ್ದ ಎಸ್ತೇರಿ ಓದುತ್ತಲೇ ಇದ್ದಳು.

"ಅಕ್ಕಾ, ಪುಸ್ತಕ ಮುಚ್ಚೈತೆ!" ಮೋಶೆ ಕಿಸಕ್ಕನೆ ನಕ್ಕ.

ಕರುಣಮ್ಮ ಗೂಟ ಬಿಟ್ಟಳು. ಯಾರೂ ಕೇಳುವ ಮುಂಚೆ ಮಾತು ತಾನಾಗಿ ಬಿತ್ತು. "ನಂಗೇ ಬರಲ್ಲ ತಾಯಿ. ಒಂದಕ್ಷರಾನೂ ಬರಲ್ಲ. ತಪ್ಪು ನಂದು, ಇವಳನ್ನ ಕರ್ಕೊಂಡು ಹೋಗಬ್ಯಾಡಿ. ಹನ್ನಿ ಪೆಟ್ಟಿಗೆಯಾಗಿ ಬಂದ್ಲು."

ದೇವಕೃಪಮ್ಮ ಛತ್ರಿಯನ್ನು ಗೋಡೆಗೆ ಒರಗಿಸಿದರು. ಆಮೇಲೆ ಹಿಟ್ಟಿನ ಪಕ್ಕದಲ್ಲೇ ಕೂತರು.

"ಅಯ್ಯನೋರಿಗೆ ನಾನು ಸುಳ್ಳು ಹೇಳಕ್ಕಾಗಲ್ಲ ಕಣಮ್ಮ. ಆದ್ರೆ ಇವಳಪ್ಪನ ಮಾತು ಮೀರಿ ಅವರೂ ಏನೂ ಮಾಡಲ್ಲ. ಇರೋದನ್ನ ಇದ್ದಂಗೆ ನಿನ್ನ ಕೈಯಾರೆ ಅವನಿಗೆ ಬರಿ. ಕಾಗದ ಹೋಯ್ತು ಅಂದ್ರೆ, ಉತ್ತರ ಬರೋಗಂಟ ಹುಡುಗೀನ ಯಾರೂ ಮುಟ್ಟಲ್ಲ. ಕಾಗದ ಬರೆಯಕ್ಕೆ ಪುನರುತ್ಥಾನದ ಹಬ್ಬದ ತಂಕ ಹೊತ್ತೈತೆ, ಅಲ್ಲೀ ತಂಕ ನಾನು ಅಯ್ಯನೋರಿಗೆ ಹೇಳಿ ನಿಲ್ಲಿಸ್ತೀನಿ."

"ಬರೆಯಕ್ಕೆ ಬರಲ್ಲ ಅಂತ ಹೇಳ್ದೆನಲ್ಲ!"

"ಮಾತೆಲ್ಲ ಬಾಯಲ್ಲೈತೆ. ಬೆರಳೊಂದೇ ಹಿಂದೆ ಬಿದ್ದಿರೋದು." ಕರುಣಮ್ಮನ ಹಿಟ್ಟುಗೈ ಹಿಡಿದು ಕಥೆಯ ಮೊದಲ ಪದದ ಕೆಳಗೆ ಇಟ್ಟರು. "ಹೇಳು."

ಕರುಣಮ್ಮ ಹೇಳಿದಳು. ಬೆರಳು ಮುಂದಿನ ಪದಕ್ಕೆ ಸರಿಯಿತು.

ಅಂದಿನಿಂದ ಓದುವ ಹೊತ್ತಿಗೆ ಕಲ್ಲು ತಿರುಗಲಿಲ್ಲ. ಮಂಗಳವಾರ ಮಂಗಳವಾರ ದೇವಕೃಪಮ್ಮ ಬರುವರು. ಉಳಿದ ದಿನ ಮೂವರೂ ಒಂದೇ ಪುಸ್ತಕಕ್ಕೆ ತಲೆ ಕೂಡಿಸುವರು. ನೆಲದ ಮೇಲೆ ಹಿಟ್ಟು ಹರವಿ ಅಕ್ಷರ ತಿದ್ದುವರು. ಎಸ್ತೇರಿ ಬೇಗ ಮುಂದೆ ಹೋದಳು. "ಅವ್ವಾ, ಊಹೆ ಮಾಡಬ್ಯಾಡ, ನೋಡಿ ಹೇಳು" ಎಂದು ಗದರಿಸುವಷ್ಟು ಜೋರಾದಳು. "ಸದ್ದೇ ಇಲ್ವಲ್ಲೇ, ನಮ್ಮ ಎಮ್ಮೆ ಫೇಲಾಗೋಯ್ತು" ಎಂದು ಅಕ್ಕಯಮ್ಮ ದೂರಿದಳು.

ಕರುಣಮ್ಮನಿಗೆ ಮಾತ್ರ ಅಕ್ಷರ ಒಂದೊಂದು ಕೂಡಿದಂತೆಲ್ಲ ಹೆದರಿಕೆ ಕೂಡುತ್ತಿತ್ತು. ಸುಳ್ಳು ಹೇಳಿ ತಾಳಿ ಕಟ್ಟಿಸಿಕೊಂಡೆ ಎಂದು ಅವನು ಸಿಟ್ಟಾಗಿ ಹುಡುಗಿಯನ್ನು ಕಳಿಸೆಂದೇ ಬರೆದರೆ? ರಾಗಿ ಕೊಯ್ಲಿಗೂ ಮುಂಚಿನಿಂದ ಅವನ ಕಾಗದವೂ ಬಂದಿರಲಿಲ್ಲ. ಓದುವುದಕ್ಕೆ ಅವನೇ ಇಲ್ಲದಿದ್ದರೆ? ಆ ಯೋಚನೆ ಬಂದಾಗ ಎದ್ದು ಹೋಗಿ, ಬೇಡವಾದರೂ ಒಲೆ ಊದುವಳು.

ಹಬ್ಬ ಹತ್ತಿರ ಬಂತು. ಕಾಗದ ಬರೆದಾಗಿತ್ತು. ಗೆರೆ ಸೊಟ್ಟ, ಅಕ್ಷರ ಗುಂಡುಕಲ್ಲು. ನನಗೆ ಓದು ಬರುತ್ತಿರಲಿಲ್ಲ, ಈಗ ಮಕ್ಕಳ ಜೊತೆ ಕಲಿಯುತ್ತಿದ್ದೇನೆ, ಎಸ್ತೇರಿಯನ್ನು ನನ್ನ ಹತ್ತಿರವೇ ಬಿಡು, ನೀನು ಬದುಕಿರು. ಅಷ್ಟೇ. ಅದನ್ನು ರಾಗಿ ಗಡಿಗೆಯ ಕೆಳಗೆ ಇಟ್ಟವಳು, ಪಿಳ್ಳಣ್ಣ ಬಂದಾಗಲೆಲ್ಲ ನಾಳೆ ಕೊಟ್ಟರಾಯಿತೆಂದು ಒಳಗೇ ಉಳಿಯುತ್ತಿದ್ದಳು.

ಹಬ್ಬದ ಹಿಂದಿನ ಮಂಗಳವಾರ. ಏರಿಯ ಮೇಲೆ ಛತ್ರಿ ಕಂಡಿತು. ಅದಕ್ಕಿಂತ ಮುಂದೆ, ಅವರ ಬೀದಿಯನ್ನು ದಾಟಿ, ಪಿಳ್ಳಣ್ಣ ಚೀಲ ಹೊತ್ತು ಹೋಗುತ್ತಿದ್ದ.

ಕರುಣಮ್ಮ ಗಡಿಗೆ ಸರಿಸಿ ಓಡಿದಳು. "ಪಿಳ್ಳಣ್ಣಾ, ನಿಲ್ಲಣ್ಣೋ!"

ಅವನು ನಿಂತು ಕೈ ಚಾಚಿದ. ಕಾಗದದ ಒಂದು ತುದಿ ಅವನ ಕೈಗೆ ಹೋಯಿತು, ಇನ್ನೊಂದು ಅವಳ ಬೆರಳಲ್ಲೇ ಉಳಿಯಿತು.

"ಬಿಡಮ್ಮಾ, ಹರಿದೋದಾತು."

ಅವಳು ಬಿಟ್ಟಳು.