ಚೌರಮ್ಮನಿಗೆ ಕೊಟ್ಟ ಮಾತು

"ನೀನು ಹೇಳಿ ಕಳಿಸಿದ ದಿನವೇ ಈ ಡಬ್ಬಿಯ ಎಣ್ಣೆ ನಿನ್ನ ಹಣೆ ಮುಟ್ಟುತ್ತೆ, ಚೌರಮ್ಮ. ಮಾರನೇ ದಿನ ಅಲ್ಲ." ಫಾದರ್ ಗಾಸ್ಪರ್ ಹೀಗೆ ಮಾತು ಕೊಟ್ಟಿದ್ದು ಮೂವತ್ತೆರಡು ವರ್ಷದ ಹಿಂದೆ. ಆ ಡಬ್ಬಿ ನಾನೇ.

ನಾನು ಒಂದು ಹಿತ್ತಾಳೆಯ ಎಣ್ಣೆ ಡಬ್ಬಿ. ಶಿವಾಜಿನಗರದ ಗಲ್ಲಿಯೊಂದರಲ್ಲಿ ರಹಮತ್ ಸಾಬರು ನನ್ನನ್ನು ಕಡೆದರು. ಅವರು ಮಾಡುತ್ತಿದ್ದುದೆಲ್ಲ ಸುಣ್ಣದ ಡಬ್ಬಿ, ನಶ್ಯದ ಡಬ್ಬಿ. ಫಾದರ್ ಗಾಸ್ಪರ್ ಹೇಳಿದ ಅಳತೆ ಕೇಳಿ ಅವರಿಗೆ ನಗು ಬಂತು.

"ಇಷ್ಟು ಪುಟ್ಟದ್ರಲ್ಲಿ ಏನು ಹಾಕ್ತೀರಿ ಫಾದರ್? ನೀವೂ ನಶ್ಯ ಏರಿಸ್ತೀರಾ?"

"ಎಣ್ಣೆ ಸಾಬರೇ. ಕಾಯಿಲೆಯವರಿಗೆ."

"ಹಂಗಾದ್ರೆ ಮುಚ್ಚಳ ಬಿಗಿಯಾಗಿರ್ಲಿ" ಎಂದು ತಿರುಪಿಗೆ ಇನ್ನೊಂದು ಸುತ್ತು ಕೊರೆದರು. ಯಾವ ಕಾಯಿಲೆಯವರು, ಅವರ ನಡತೆ ಎಂಥದು ಎಂದು ಸಾಬರು ಕೇಳಲಿಲ್ಲ. ಕಾಯಿಲೆ ಎಂದಮೇಲೆ ಇನ್ನೇನು ಕೇಳುವುದಿದೆ.

ನನ್ನ ಕೆಲಸ ಸುಲಭದ್ದು. ಒಳಗೆ ಆಲಿವ್ ಎಣ್ಣೆಯಲ್ಲಿ ನೆನೆದ ಒಂದು ಉಂಡೆ ಹತ್ತಿ. ವರ್ಷಕ್ಕೊಮ್ಮೆ, ಈಸ್ಟರಿಗೆ ಮುಂಚಿನ ವಾರ, ಬಿಷಪ್ಪರು ಎಣ್ಣೆಯನ್ನು ಮಂತ್ರಿಸಿ ಎಲ್ಲ ಊರಿನ ಕ್ರೈಸ್ತ ಗುಡಿಗಳಿಗೂ ಹಂಚುತ್ತಾರೆ. ಯಾರಾದರೂ ಹಾಸಿಗೆ ಹಿಡಿದರೆ ಫಾದರ್ ಬಂದು ಹೆಬ್ಬೆರಳನ್ನು ಹತ್ತಿಗೆ ಒತ್ತಿ, ಹಣೆಗೂ ಅಂಗೈಗೂ ಶಿಲುಬೆ ಬರೆದು, ದೇವರು ನಿನ್ನನ್ನು ಕ್ಷಮಿಸಲಿ, ಎಬ್ಬಿಸಲಿ ಎಂದು ಪ್ರಾರ್ಥಿಸುತ್ತಾರೆ. ದೇವರ ಕರುಣೆ ಎಂದು ಗಂಟೆಗಟ್ಟಲೆ ಬೋಧಿಸುತ್ತಾರಲ್ಲ, ಅದು ಕೊನೆಗೆ ಇಷ್ಟೇ. ಒಂದು ಹೆಬ್ಬೆರಳು, ಒಂದು ಹಣೆ, ನಡುವೆ ಒಂದು ಹನಿ ಎಣ್ಣೆ. ಇಷ್ಟನ್ನು ಮಾಡಲಿಕ್ಕೂ ಮನುಷ್ಯರು ಎಷ್ಟು ಗೋಜಲು ಮಾಡಿಕೊಂಡರೆಂದು ಹೇಳಲಿಕ್ಕೇ ನಾನು ಬಾಯಿ ತೆರೆದಿದ್ದೇನೆ.

ನಾನು ಬಂದ ಊರು ಅಂತೋಣಿದೊಡ್ಡಿ. ಕನಕಪುರದ ಕಡೆಯ, ರೇಷ್ಮೆಹುಳು ಸಾಕುವ ಕ್ರೈಸ್ತರ ಊರು. ಅಲ್ಲಿ ಒಂದು ನಂಬಿಕೆ: ಡಬ್ಬಿ ಮನೆಗೆ ಬಂದರೆ ಆ ಮನೆಯಿಂದ ಹೆಣ ಏಳುತ್ತದೆ. ಕಾಯಿಲೆಯವರನ್ನು ಎಬ್ಬಿಸಬೇಕಾದ ನನ್ನನ್ನು ಇವರು ಯಮನ ಓಲೆ ಮಾಡಿಟ್ಟಿದ್ದರು. ಫಾದರ್ ಗಾಸ್ಪರರ ಸೈಕಲ್ ಬೀದಿಗೆ ತಿರುಗಿದರೆ ಬಾಗಿಲುಗಳು ಮುಚ್ಚುತ್ತಿದ್ದವು. ಹನ್ನೊಂದು ದಿನದಿಂದ ಜ್ವರದಲ್ಲಿ ಬೇಯುತ್ತಿದ್ದ ರಾಯಪ್ಪನ ಮನೆಗೆ ಹೋದಾಗ ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಬನ್ನಿ ಸಾಮಿ, ಕಾಫಿ ಕುಡೀರಿ. ಜೇಬಲ್ಲಿರೋದ್ನ ಮಾತ್ರ ಈಚೆಗೆ ತೆಗೀಬೇಡಿ. ನಮ್ಮೋರಿಗೆ ಇನ್ನೂ ಅಷ್ಟೊಂದು ಆಗಿಲ್ಲ."

"ಅಷ್ಟೊಂದು ಆದ್ಮೇಲೆ ನಾನು ಬಂದು ಏನು ಮಾಡ್ಲಿ, ಗೋಡೆಗೆ ಹಚ್ಲಾ?"

ಅವಳು ಕದಲಲಿಲ್ಲ. ನಾಲ್ಕನೆಯ ದಿನ ಓಡಿ ಬಂದು ಕರೆದಳು. ನಾವು ಹೋಗುವಷ್ಟರಲ್ಲಿ ರಾಯಪ್ಪ ತಣ್ಣಗಾಗಿದ್ದ. ನೋಡಿದಿರಾ, ಡಬ್ಬಿ ಬಂತು, ಅವನು ಹೋದ ಎಂದು ನೆರೆದವರು ಗುಸುಗುಸು ಮಾತಾಡಿಕೊಂಡರು. ನನಗೆ ಮೊದಲು ಸಿಟ್ಟು ಹತ್ತಿದ್ದು ಅವತ್ತು. ಆಮೇಲೆ ಅದು ಆರಲೇ ಇಲ್ಲ.

ಇಡೀ ಊರಲ್ಲಿ ನನ್ನನ್ನು ಕಂಡು ಹೆದರದವಳು ಚೌರಮ್ಮ ಒಬ್ಬಳೇ. ಅವಳು ಸೂಲಗಿತ್ತಿ. ಕೂಸು ಉಳಿಯುವುದಿಲ್ಲ ಎನಿಸಿದರೆ, ಫಾದರಿಗೆ ಕಾಯದೆ, ಯಾರಾದರೂ ಅದರ ತಲೆಗೆ ನೀರೆರೆದು ಜ್ಞಾನಸ್ನಾನ ಕೊಡಬಹುದು ಎನ್ನುತ್ತದೆ ಕ್ರೈಸ್ತ ಸಭೆಯ ವಿಧಿ. ಹಾಗೆ ಚೌರಮ್ಮ ಇಪ್ಪತ್ತಕ್ಕೂ ಹೆಚ್ಚು ಕೂಸುಗಳಿಗೆ ನೀರೆರೆದಿದ್ದಳು. ಅದೇ ಚೌರಮ್ಮ ಗುಡಿಯಲ್ಲಿ ಕೊನೆಯ ಸಾಲಿನ ಹಿಂದೆ, ನೆಲದ ಮೇಲೆ ಕೂರುತ್ತಿದ್ದಳು. ಪ್ರಸಾದಕ್ಕೆ ಏಳುವಂತಿರಲಿಲ್ಲ. ಅವಳ ಗಂಡ ಗಣಿ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಸತ್ತದ್ದು ಗೊತ್ತಾಗದೆ ಗುಡಿಯಲ್ಲಿ ಇನ್ನೊಂದು ಮದುವೆ ಇಲ್ಲ. ಒಂಬತ್ತು ವರ್ಷ ಕಾದು, ಆಮೇಲೆ ಹಿಪ್ಪುನೇರಳೆ ಸೊಪ್ಪಿನ ಗಾಡಿ ಹೊಡೆಯುವ ಮುನಿಯಪ್ಪನ ಜೊತೆ ಅವಳು ಸಂಸಾರ ಹೂಡಿದಳು. ಅವನು ಮಾರಮ್ಮನ ಒಕ್ಕಲು. ಊರಿನ ಹಿರಿಯರಿಗೆ ಎರಡು ತಪ್ಪು ಒಟ್ಟಿಗೆ ಸಿಕ್ಕಿದಂತಾಯಿತು.

ಒಂದು ಬೆಳಿಗ್ಗೆ, ಬಾಣಂತಿಯೊಬ್ಬಳ ಮನೆಯ ಜಗಲಿಯಲ್ಲಿ ಕೈ ತೊಳೆಯುತ್ತ, ಅವಳು ಫಾದರ್ ಗಾಸ್ಪರರನ್ನು ನೇರವಾಗಿ ಕೇಳಿದಳು.

"ಎಲ್ಲರಿಗೂ ನಾನು ಬತ್ತೀನಿ. ನಂಗೆ ಯಾರು ಬತ್ತಾರೆ ಸಾಮಿ?"

"ನಾನು ಬರ್ತೀನಿ."

"ನಾನು ಈ ಜನದಂಗೆ ಉಸಿರು ನಿಂತ್ಮೇಲೆ ಕರೆಯೋಳಲ್ಲ. ನೆಗಡಿ ಬಂದ್ರೂ ಹೇಳ್ ಕಳಿಸ್ತೀನಿ, ನೋಡ್ಕೊಳ್ಳಿ."

ಫಾದರ್ ನಕ್ಕರು. ನನ್ನನ್ನು ಜೇಬಿನಿಂದ ತೆಗೆದು ಅವಳ ಒದ್ದೆ ಅಂಗೈಯಲ್ಲಿ ಇಟ್ಟು, ಆ ಮಾತು ಕೊಟ್ಟರು. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಅದಕ್ಕೆಲ್ಲ ವಿಧಿ ಇದೆಯಲ್ಲ ಸ್ವಾಮಿ ಎಂದರು. "ನನ್ನ ಮಾತು ನನ್ನ ಹಿಂದೆ ಬರೋರಿಗೂ ಸೇರಿ" ಎಂದು ಫಾದರ್ ಗುಡಿಯ ದಿನಚರಿ ಪುಸ್ತಕದಲ್ಲಿ ಅದನ್ನು ಬರೆದೂ ಇಟ್ಟರು. ಆ ಪುಸ್ತಕವನ್ನು ಆಮೇಲೆ ಗೆದ್ದಲು ಓದಿತು. ಮನುಷ್ಯರು ಓದಲಿಲ್ಲ.

ಫಾದರ್ ಗಾಸ್ಪರ್ ವರ್ಗವಾಗಿ ಹೋದರು. ಡಬ್ಬಿ ಗುಡಿಯದು, ಹಾಗಾಗಿ ನಾನು ಉಳಿದೆ. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮೂರನೆಯ ಫಾದರ್ ಜೇಬಿನಲ್ಲಿದ್ದೆ. ಒಬ್ಬರ ಜೇಬಿನಲ್ಲಿ ಬೀಗದ ಕೈಗಳ ಜೊತೆ ಉಜ್ಜಿಕೊಂಡು ನನ್ನ ಹೊಳಪು ಹೋಯಿತು. ಕೆಳಗಿನಿಂದ ನೋಡಿದರೆ ಎಲ್ಲ ಫಾದರುಗಳೂ ಒಂದು ಗದ್ದ, ಎರಡು ಮೂಗಿನ ಹೊಳ್ಳೆ. ಎತ್ತರದಲ್ಲಿ ಏನು ನಡೆಯುತ್ತಿದೆಯೋ ಕಾಣುವುದಿಲ್ಲ. ಹೆಬ್ಬೆರಳಿನ ಒತ್ತಡ ಮಾತ್ರ ಗೊತ್ತಾಗುತ್ತದೆ.

ಕೊನೆಗೆ ಬಂದವರು ಫಾದರ್ ವಿಲ್ಫ್ರೆಡ್. ಇನ್ನೂ ಎಳೆಯ ವಯಸ್ಸು. ದಿವ್ಯ ಕರುಣೆಯ ಮೇಲೆ ಅವರಿಗೆ ಬಲು ಭಕ್ತಿ. ಎದೆಯಿಂದ ಕೆಂಪು, ಬಿಳಿ ಕಿರಣ ಚೆಲ್ಲುವ ಯೇಸುವಿನ ಆಳೆತ್ತರದ ಪಟ ತರಿಸಿದರು. ದಿನಾ ಮಧ್ಯಾಹ್ನ ಮೂರಕ್ಕೆ ಮೈಕಿನಲ್ಲಿ ಕರುಣೆಯ ಜಪ. ಊರು ತುಂಬ ಕರುಣೆ ಮೊಳಗುತ್ತಿತ್ತು.

ಈಸ್ಟರ್ ಆದ ಮುಂದಿನ ಭಾನುವಾರ ಕರುಣೆಯ ಹಬ್ಬ. ಅವತ್ತು ಮೂರು ಗಂಟೆಗೆ ಗುಡಿ ಕಿಕ್ಕಿರಿದಿತ್ತು. ನಾನು ಪಕ್ಕದ ಕೋಣೆಯ ಕಪಾಟಿನಲ್ಲಿದ್ದೆ. ಅದರ ಕಿಟಕಿಯ ಕೆಳಗೇ ಗೇಟು. ಗೇಟಿನಲ್ಲಿ ಮುನಿಯಪ್ಪನ ದನಿ ಕೇಳಿಸಿತು. ಅವನನ್ನು ತಡೆದಿದ್ದವನು ಉಪದೇಶಿ ಇನ್ನಾಸಪ್ಪ. ಊರಿಗೆ ಜಪ ಕಲಿಸುವವನು, ಯಾರು ಯಾವಾಗ ಗುಡಿ ತಪ್ಪಿಸಿದರು ಎಂದು ನೆನಪಿಡುವವನು.

"ಚೌರಮ್ಮಂಗೆ ಭಾಳ ಆಗದೆ. ಸಾಮಿಗೆ ಹೇಳಿ ಅಂದ್ಲು."

"ಯಾವ ಚೌರಮ್ಮ?"

"ನಿಮ್ಮವ್ವನ ಹೊಟ್ಟೆಯಿಂದ ನಿಮ್ಮನ್ನ ಈಚೆಗೆ ತೆಗೆದ ಚೌರಮ್ಮ."

ಇನ್ನಾಸಪ್ಪ ಗೇಟಿನ ಚಿಲಕ ಹಾಕಿದ ಸದ್ದು ಕೇಳಿತು. "ನೀನು ಆ ಮನೇಲಿರೋ ತನಕ ಫಾದರ್ ಹೆಂಗೆ ಬತ್ತಾರೆ ಮುನಿಯಪ್ಪ? ನೀನೇ ಯೋಚ್ನೆ ಮಾಡು. ಜಪ ಮುಗೀಲಿ, ನಿಂತ್ಕೋ."

ಒಳಗೆ ಇನ್ನೂರು ಬಾಯಿ ಸೇರಿ ನಮ್ಮ ಮೇಲೆ ಕರುಣೆಯಿಡು ಎಂದು ಐವತ್ತು ಸಲ ಹಾಡಿದವು. ಹೊರಗೆ ಮುನಿಯಪ್ಪ ಬಿಸಿಲಲ್ಲಿ ನಿಂತಿದ್ದ.

ಜಪ ಮುಗಿದ ಮೇಲೆ ಫಾದರ್ ವಿಲ್ಫ್ರೆಡ್ ಬಂದರು. ಅಷ್ಟನ್ನು ಒಪ್ಪಿಕೊಳ್ಳಬೇಕು. ಚೌರಮ್ಮನ ಹೊಸ್ತಿಲಲ್ಲಿ ನಿಂತು ನನ್ನನ್ನು ಕೈಗೆ ತೆಗೆದುಕೊಂಡರು. ನನಗೆ ಒಳಗಡೆ ಕಂಡಿತು. ಚಾಪೆಯ ಮೇಲೆ ಅವಳು, ಮೂಳೆ ಮತ್ತು ಕಣ್ಣು. ಅವಳ ಒಡೆದ ಹಿಮ್ಮಡಿಗಳಿಗೆ ಯಾರೋ ಹರಳೆಣ್ಣೆ ಹಚ್ಚಿದ್ದರು, ಇನ್ನೂ ಮಿರುಗುತ್ತಿತ್ತು. ಆ ಮನೆಯಲ್ಲಿ ಇದ್ದವನು ಅವಳನ್ನು ಬಿಟ್ಟರೆ ಮುನಿಯಪ್ಪ ಒಬ್ಬನೇ.

"ಅಮ್ಮ, ಇವರು ಇವತ್ತಿನಿಂದ ಬೇರೆ ಕಡೆ ಇರ್ತಾರೆ ಅಂತ ಒಂದು ಮಾತು ಹೇಳಿ. ನಾನು ಈಗಲೇ ಕೊಡ್ತೀನಿ."

"ಸುಳ್ಳು ಹೇಳ್ಲಾ ಸಾಮಿ?"

"ಸುಳ್ಳಲ್ಲಮ್ಮ. ಪಶ್ಚಾತ್ತಾಪ."

"ಪಶ್ಚಾತ್ತಾಪ ಬೇಕಾದಷ್ಟು ಐತೆ. ಬಾಯಿ ಜೋರು ಮಾಡಿದ್ದು, ನೋವು ತಿನ್ನೋ ಹೆಣ್ಣುಮಕ್ಕಳಿಗೆ ಬೈದಿದ್ದು, ಎಲ್ಲಾ ಹೇಳ್ತೀನಿ, ಕೂತ್ಕೊಳ್ಳಿ. ಇವ್ನ ಕಳಿಸ್ತೀನಿ ಅಂತ ಮಾತ್ರ ಹೇಳಲ್ಲ. ನನ್ನ ಮಗ್ಗುಲು ತಿರುಗಿಸೋನು, ಕುಂಡಿ ತೊಳೆಯೋನು ಇವ್ನೇ."

"ನಾನು ಹೋಯ್ತೀನಿ ಸಾಮಿ" ಎಂದ ಮುನಿಯಪ್ಪ. "ಹಟ್ಟೀಲಿ ಎತ್ತಿನ ಪಕ್ಕ ಮಲಗ್ತೀನಿ. ಕೊಡಿ ಅವ್ಳಿಗೆ."

"ನೀನು ಸುಮ್ಕಿರು. ಹೋದ್ರೆ ಬೆಳಿಗ್ಗೆ ನಾನೇ ಕೂಗಿ ಕರೀತೀನಿ. ಅದನ್ನ ಈಗ್ಲೇ ಹೇಳ್ಬಿಟ್ಟೆ ಸಾಮಿ, ಆಮೇಲೆ ಮೋಸ ಮಾಡ್ದೆ ಅನ್ಬೇಡಿ."

ಫಾದರ್ ನನ್ನ ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿದರು. ಮತ್ತೆ ಬಿಗಿ ಮಾಡಿದರು. ಅವಳ ಹಣೆ ನನ್ನಿಂದ ನಾಲ್ಕು ಹೆಜ್ಜೆ ದೂರ ಇತ್ತು.

"ಬಿಷಪ್ಪರ ಕಚೇರಿಗೆ ಕೇಳಿ ಬರ್ತೀನಮ್ಮ" ಎಂದರು.

ಅವರು ಕೆಟ್ಟವರೇನಲ್ಲ. ನನ್ನನ್ನು ಹೆಚ್ಚು ಉರಿಸುವುದು ಅದೇ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ದೇವರ ಕರುಣೆ ಎಲ್ಲಿ ತಪ್ಪಿ ಯಾರಿಗೋ ಸಿಕ್ಕಿಬಿಡುತ್ತದೋ ಎಂದು ಕಾಯುವ ಕಾವಲುಗಾರರಾದರಲ್ಲ, ಅದಕ್ಕೇ ಸಿಟ್ಟು. ಹಸಿದ ಮಗುವಿಗೆ, ಮೊದಲು ನಿನ್ನ ಕೈಬರಹ ತಿದ್ದಿಕೋ, ಆಮೇಲೆ ಅನ್ನ ಎನ್ನುವ ತಾಯಿ ಇದ್ದಾಳೆಯೇ? ಎಂಥ ಸುಸ್ತಾದ ತಾಯಿಯೂ ಮೊದಲು ಬಡಿಸಿ ಆಮೇಲೆ ಬೈಯುತ್ತಾಳೆ. ದೇವರಿಗೆ ಅಷ್ಟೂ ತಿಳಿಯದೆಂದು ಇವರು ಹೇಗೆ ನಂಬಿದರು? ತಾನೇ ನನ್ನನ್ನು ಕೇಳಿದವಳು ಆ ಊರಲ್ಲಿ ಅವಳೊಬ್ಬಳು. ಮಿಕ್ಕ ಮನೆಗಳಲ್ಲಿ ಬೇಡ ಬೇಡ ಎಂದರೂ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆವು.

ಸೋಮವಾರ ಕಚೇರಿಯ ಫೋನ್ ಯಾರೂ ಎತ್ತಲಿಲ್ಲ. ಮಂಗಳವಾರ ಹನ್ನೊಂದು ಗಂಟೆಗೆ ಹಿರಿಯ ಗುರುಗಳೊಬ್ಬರು ಎತ್ತಿದರು. ಫಾದರ್ ವಿಷಯವನ್ನೆಲ್ಲ ವಿವರಿಸಿದರು. ಆ ಕಡೆಯ ದನಿ ಗಟ್ಟಿಯಾಗಿತ್ತು, ನನಗೂ ಕೇಳಿಸಿತು.

"ಸಾಯ್ತಾ ಇರೋಳು ಪಾಪ ಹೇಳ್ಕೋತೀನಿ ಅಂದ್ಳಾ? ಅಂದ್ಮೇಲೆ ನನ್ನನ್ನ ಏನು ಕೇಳ್ತೀಯಪ್ಪ? ಭಾನುವಾರವೇ ಕೊಡಬೇಕಿತ್ತು. ಓಡು."

ಬೈಕ್ ಓಡಿತು. ಚೌರಮ್ಮ ಬೆಳಿಗ್ಗೆಯೇ ಹೋಗಿದ್ದಳು. ಅಂಗಳದ ತುಂಬ ಹೆಂಗಸರು, ಅವಳ ಕೈಯಲ್ಲಿ ಹೆತ್ತವರು, ಅವಳ ಕೈಯಲ್ಲಿ ಹುಟ್ಟಿದವರು. ಯಾರೂ ದಾರಿ ಬಿಡುವಂತೆ ಕಾಣಲಿಲ್ಲ. ಮುನಿಯಪ್ಪನೇ ಬಿಡಿಸಿದ.

"ಗಾಡಿ ಸದ್ದಾದಾಗೆಲ್ಲ ಕೇಳ್ತಿದ್ಲು ಸಾಮಿ, ಬಂದ್ರಾ ಅಂತ."

ಫಾದರ್ ನನ್ನ ಮುಚ್ಚಳ ತೆಗೆದರು. ಸತ್ತವರಿಗೆ ಈ ಎಣ್ಣೆ ಇಲ್ಲ, ಅದು ಅವರಿಗೆ ಗೊತ್ತು. ಮುಚ್ಚಿದರು. ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಅತ್ತರು. ನನಗೆ ಕನಿಕರ ಬರಲಿಲ್ಲ. ಈಗಲೂ ಇಲ್ಲ.

ಮುನಿಯಪ್ಪ ಒಂದು ಚೊಂಬು ನೀರು ತಂದ.

"ಕುಡೀರಿ. ಬಿಸ್ಲಲ್ಲಿ ಬಂದಿದೀರಿ."

ಫಾದರ್ ಕುಡಿದರು. ನೀನು ಮೊದಲು ತಪ್ಪೊಪ್ಪಿಕೋ ಎಂದು ಅವನು ಹೇಳಲಿಲ್ಲ. ಕರುಣೆ ಎಂದರೆ ಏನೆಂದು ಮೈಕಿನಲ್ಲಿ ಕೂಗಿ ಹೇಳಿದವರು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಅದನ್ನು ಕೊಟ್ಟವನು ಸೌದೆ ನೋಡಲು ಎದ್ದು ಹೋಗಿದ್ದ, ಬಂದವರಿಗೆ ಕಾಫಿ ಕಾಯಿಸಬೇಕಿತ್ತು.

ಅವಳನ್ನು ಗುಡಿಯ ಮಣ್ಣಿನಲ್ಲೇ ಹೂಳಿದರು. ಇನ್ನಾಸಪ್ಪ ಏನೋ ಹೇಳಲು ಬಂದ. ಫಾದರ್ ಅವನನ್ನು ನೋಡಿದ ರೀತಿಗೆ ಹಿಂದೆ ಸರಿದು, ತಾನೂ ಒಂದು ಹಿಡಿ ಮಣ್ಣು ಹಾಕಿದ. ಆಮೇಲೆ ಫಾದರ್ ವಿಲ್ಫ್ರೆಡ್ ಯಾರ ಹೊಸ್ತಿಲಲ್ಲೂ ನಿಂತು ಪ್ರಶ್ನೆ ಕೇಳಲಿಲ್ಲವಂತೆ. ಇರಬಹುದು. ನಾನು ನೋಡಿಲ್ಲ. ನನ್ನನ್ನು ಮುಟ್ಟಲು ಅವರಿಗೆ ಆಗಲಿಲ್ಲ, ಸ್ಟೀಲಿನ ಹೊಸ ಡಬ್ಬಿ ತರಿಸಿಕೊಂಡರು.

ಈಗ ನಾನು ಕಪಾಟಿನ ಕೆಳಗಿನ ಖಾನೆಯಲ್ಲಿ, ಉರಿದು ಉಳಿದ ಮೇಣದ ತುಂಡುಗಳ ನಡುವೆ ಇದ್ದೇನೆ. ತಿರುಪಿಗೆ ಕಿಲುಬು ಹಿಡಿದಿದೆ. ಹತ್ತಿ ಒಣಗಿದೆ. ನೊಂದವನೇ ನೀರು ಕೊಟ್ಟ ಮೇಲೆ ನಿನಗೇನು ಇಷ್ಟು ಸಿಟ್ಟು ಎಂದು ಒಮ್ಮೊಮ್ಮೆ ನನ್ನನ್ನೇ ಕೇಳಿಕೊಳ್ಳುತ್ತೇನೆ. ಕ್ಷಮಿಸುವುದು ಮುನಿಯಪ್ಪನಿಗೆ ಬಿಟ್ಟದ್ದು, ಅವನು ಕ್ಷಮಿಸಿದ. ನೆನಪಿಡುವುದು ನನ್ನ ಪಾಲಿನ ಕೆಲಸ. ಕರುಣೆಯನ್ನು ಒಬ್ಬರ ಕೈಯಲ್ಲಿ ಕೊಟ್ಟಿರುವುದು ಇನ್ನೊಬ್ಬರಿಗೆ ದಾಟಿಸಲಿಕ್ಕೆ. ತಡೆದು ನಿಲ್ಲಿಸಿದ ಕರುಣೆ ಹತ್ತಿಯಲ್ಲೇ ಒಣಗಿ ಹೋಗುತ್ತದೆ, ಇನ್ನೊಬ್ಬರಿಗೆ ಮಿಗುವುದಿಲ್ಲ.

ಚೌರಮ್ಮ ಭಾನುವಾರ ಹೇಳಿ ಕಳಿಸಿದಳು. ಮಂಗಳವಾರ ಸತ್ತಳು. ಎಣ್ಣೆ ಅವಳ ಹಣೆ ಮುಟ್ಟಲಿಲ್ಲ. ಫಾದರ್ ಗಾಸ್ಪರ್ ಕೊಟ್ಟ ಮಾತು ಮುರಿಯಿತು.