ನಿಂತಲ್ಲೇ ಚುಚ್ಚಿದ ಸೂಜಿ

ಡೋನ್ಯಾ ತೆಂಚಾಳಿಗೆ ಲೈಸೆನ್ಸ್ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಹಿತ್ತಿಲ ಜಗುಲಿಯಲ್ಲಿ ಕೆಟ್ಟುನಿಂತ ಒಂದು ವಾಷಿಂಗ್ ಮಷೀನು, ಅದರ ಮೇಲೆ ಹತ್ತಿಯ ಡಬ್ಬ, ಸ್ಪಿರಿಟ್ ಬಾಟಲಿ, ಪೊಟ್ಟಣ ಒಡೆಯದ ಹೊಸ ಸಿರಿಂಜುಗಳು. ಸೊಂಟನೋವು, ನೆಗಡಿ, ಸುಸ್ತು, ಏನೇ ಆದರೂ ನಮ್ಮ ಕಾಲೊನಿಯವರು ಮೊದಲು ಹೋಗುತ್ತಿದ್ದದ್ದು ಆ ಜಗುಲಿಗೆ. ಔಷಧಿಯನ್ನು ನಾವೇ ಒಯ್ಯಬೇಕು. ಸೇತುವೆ ದಾಟಿದರೆ ಮೆಕ್ಸಿಕೋ. ಅಲ್ಲಿನ ಔಷಧಿ ಅಂಗಡಿಯವರು ಡಾಕ್ಟರ ಚೀಟಿ ಕೇಳುವುದಿಲ್ಲ. ಈಚೆ ದಡದಲ್ಲಿ, ಟೆಕ್ಸಸ್‌ನಲ್ಲಿ, ಡಾಕ್ಟರ ಮುಖ ನೋಡಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು, ಆಮೇಲೆ ಬರುವ ಬಿಲ್ಲಿಗೆ ಹೆದರಬೇಕು. ಹಿರಿಯ ಹೆಂಗಸೆಂದು ನಾವು ಡೋನ್ಯಾ ಎನ್ನುತ್ತಿದ್ದ ತೆಂಚಾ ದುಡ್ಡು ಮುಟ್ಟುತ್ತಿರಲಿಲ್ಲ. ಮೊಟ್ಟೆ ಕೊಟ್ಟರೆ ಮೊಟ್ಟೆ, ಮೆಕ್ಕೆಜೋಳದ ಕಡುಬಿನಂಥ ತಮಾಲೆ ಕೊಟ್ಟರೆ ತಮಾಲೆ.

ಸೂಜಿ ಹಾಕಿಸಿಕೊಳ್ಳುವುದಕ್ಕೂ ಒಂದು ಕ್ರಮವಿತ್ತು. ಗಂಡಸರು ಗೋಡೆಯ ಕಡೆ ಮುಖ ಮಾಡಿ ಮಷೀನಿಗೆ ಕೈಯೂರಿ ನಿಲ್ಲುವರು. ಬೆಲ್ಟು ಸಡಿಲಿಸಿ ಪ್ಯಾಂಟನ್ನು ಇಳಿಸುವರು, ಮರುಗಳಿಗೆಗೇ ನಾಚಿಕೊಂಡು ಅಂಗಿಯ ಅಂಚನ್ನು ಕೆಳಕ್ಕೆ ಎಳೆದು ಹಿಡಿಯುವರು. ನಡುವೆ ಅಂಗೈಯಗಲ ಚರ್ಮ ಕಾಣುತ್ತಿತ್ತು. ತೆಂಚಾ ಅಷ್ಟರಲ್ಲೇ ಚುಚ್ಚುತ್ತಿದ್ದಳು. ಯಾರಾದರೂ ಉಸ್ಸೆಂದರೆ, ಉರಿದರೆ ಔಷಧಿ ಹತ್ತಿದೆ ಎಂದರ್ಥ, ಸುಮ್ಮನೆ ನಿಲ್ಲು, ಅನ್ನುವಳು. ಹುಡುಗಿಯಾಗಿದ್ದಾಗ ಆಚೆ ದಡದ ಒಂದು ಔಷಧಿ ಅಂಗಡಿಯಲ್ಲಿ ಕಸ ಗುಡಿಸುತ್ತ ನೋಡಿ ಕಲಿತ ವಿದ್ಯೆ ಅದು. ಆಗ ಕಲಿತಷ್ಟೇ ಈಗಲೂ ಇತ್ತು.

ನಮ್ಮ ಕಾಲೊನಿಯ ಒಫೇಲಿಯಾಳ ಮಗಳು ಮಿರೆಯಾಳಿಗೆ ತೆಂಚಾ ಧರ್ಮತಾಯಿ. ಕೂಸಾಗಿದ್ದಾಗ ಚರ್ಚಿನಲ್ಲಿ ಅವಳನ್ನು ತೋಳಲ್ಲಿ ಹಿಡಿದವಳು. ಅಂದಿನಿಂದ ಒಫೇಲಿಯಾ, ತೆಂಚಾ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಒಡಹುಟ್ಟಿದವರ ಮಾತನ್ನಾದರೂ ನಮ್ಮಲ್ಲಿ ತೆಗೆದುಹಾಕಬಹುದು, ಕೊಮಾದ್ರೆಯ ಮಾತನ್ನು ತೆಗೆದುಹಾಕುವಂತಿಲ್ಲ.

ಆ ಬೇಸಿಗೆಯಲ್ಲಿ ಮಿರೆಯಾಳಿಗೆ ಕಾಲೇಜಿನ ನರ್ಸಿಂಗ್ ಕೋರ್ಸಿನಲ್ಲಿ ಸೀಟು ಸಿಕ್ಕಿತು. ಸುಮಾರು ಒಂದು ವರ್ಷದ ಓದು. ಅರ್ಧ ತರಗತಿಯಲ್ಲಿ, ಅರ್ಧ ಆಸ್ಪತ್ರೆಯಲ್ಲಿ. ಕೊನೆಗೆ ಪರೀಕ್ಷೆ. ಪಾಸಾದವರಿಗೆ ರಾಜ್ಯ ಲೈಸೆನ್ಸ್ ಕೊಡುತ್ತದೆ. ಎಲ್‌ವಿಎನ್ ಎನ್ನುತ್ತಾರೆ ಅಂಥವರಿಗೆ. ದೊಡ್ಡ ನರ್ಸುಗಳ, ಡಾಕ್ಟರುಗಳ ಕೈಕೆಳಗಿನ ಕೆಲಸ, ಆದರೆ ಕಾಯಂ ಕೆಲಸ.

ಅದೇ ಬೇಸಿಗೆಯಲ್ಲಿ ತೆಂಚಾಳ ಕೈ ನಡುಗಲು ಶುರುವಾಗಿತ್ತು. ಅವಳು ಒಫೇಲಿಯಾಳ ಅಡುಗೆಮನೆಯಲ್ಲಿ ಕೂತು, ಇಷ್ಟು ವರ್ಷ ಕಾಲೊನಿಯ ನೋವನ್ನೆಲ್ಲ ನೋಡಿಕೊಂಡೆ, ಇನ್ನು ಜಗುಲಿಯನ್ನು ಧರ್ಮಪುತ್ರಿಯ ಕೈಗೆ ಕೊಡುತ್ತೇನೆ ಎಂದಳು. ದೊಡ್ಡ ಗೌರವ ಅದು. ಒಫೇಲಿಯಾಳ ಕಣ್ಣು ತುಂಬಿತು. ಮನೆಯಲ್ಲೇ ಕಲಿಯುವುದನ್ನು ಕಲಿಯಲು ಕಾಲೇಜಿಗೆ ಯಾಕೆ ಹೋಗಬೇಕು ಎಂದು ಅವತ್ತಿನಿಂದ ದಿನವೂ ಮಗಳನ್ನು ಕೇಳತೊಡಗಿದಳು.

ಮಿರೆಯಾ ಎರಡು ಓಣಿ ಆಚೆಯಿದ್ದ ಗ್ರಿಸೆಲ್ಡಾಳನ್ನು ಕರೆತಂದಳು. ಗ್ರಿಸೆಲ್ಡಾ ಅದೇ ಕೋರ್ಸು ಮುಗಿಸಿ ಲೈಸೆನ್ಸ್ ಪಡೆದು, ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಒಫೇಲಿಯಾ ಅವಳಿಗೆ ಕಾಫಿ ಕೊಟ್ಟಳು, ಮರ್ಯಾದೆ ಕೊಡಲಿಲ್ಲ.

"ನೀನೂ ಓದಿದ್ದೀಯಲ್ಲ, ಮಾಡೋದೇನು? ಮುದುಕರ ಹೇಲು ಬಳೀತೀಯ."

"ಬಳೀತೀನಿ," ಎಂದಳು ಗ್ರಿಸೆಲ್ಡಾ. "ಬಳಿಯೋವಾಗ ಅದರ ಬಣ್ಣ ನೋಡ್ತೀನಿ. ಕಪ್ಪಗಿದ್ರೆ ಒಳಗೆಲ್ಲೋ ರಕ್ತ ಹೋಗ್ತಿರಬಹುದು ಅಂತ ಆಗಲೇ ಹೋಗಿ ಹೇಳ್ತೀನಿ. ಅದಕ್ಕೇ ನಂಗೆ ಲೈಸೆನ್ಸು ಕೊಟ್ಟಿರೋದು, ಡೋನ್ಯಾ."

"ಸೂಜಿ ಚುಚ್ಚೋದಕ್ಕೆ ಒಂದು ವರ್ಷ ಬೇಕೇನೇ?"

"ಚುಚ್ಚೋದನ್ನ ಒಂದು ಮಧ್ಯಾಹ್ನದಲ್ಲಿ ಕಲಿಸಿಬಿಡ್ತಾರೆ. ಎಲ್ಲಿ ಚುಚ್ಚಬಾರದು, ಯಾವಾಗ ನಿಲ್ಲಿಸ್ಬೇಕು, ಅದಕ್ಕೇ ವರ್ಷ ಬೇಕಾಗೋದು."

ಒಫೇಲಿಯಾ ನಕ್ಕಳು. ಕೊಮಾದ್ರೆ ಇಷ್ಟು ಕಾಲ ಯಾರನ್ನೂ ಕೊಂದಿಲ್ಲ ಎಂದಳು. ಅದು ನಿಜವೇ ಆಗಿತ್ತು. ಬಾಲ್ದೆ, ಮಿರೆಯಾಳ ಅಪ್ಪ, ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದ. ಮಿರೆಯಾ ಅವನನ್ನು ಕೇಳಿದಾಗ, ನಿಮ್ಮಮ್ಮ ಹೇಳಿದ ಹಾಗೆ ಮಾಡು ಎಂದ. ಹಗಲೆಲ್ಲ ಏಣಿಯ ಮೇಲೆ ನಿಂತು ಹಣ್ಣು ಕೀಳುವವನಿಗೆ ಸಂಜೆ ಜಗಳಕ್ಕೆ ಶಕ್ತಿ ಉಳಿಯುವುದಿಲ್ಲ.

ಕೋರ್ಸಿನ ಮೊದಲ ದಿನ ಹಾಜರಾಗದವರ ಸೀಟು ಸಾಲಿನಲ್ಲಿ ಕಾಯುತ್ತಿರುವ ಮುಂದಿನವರಿಗೆ ಹೋಗುತ್ತದೆ. ಕಾಲೇಜು ದೂರ, ನಮ್ಮ ಕಡೆಗೆ ಬಸ್ಸಿಲ್ಲ. ಆ ಬೆಳಿಗ್ಗೆ ಮನೆಯ ಪಿಕಪ್ ಟ್ರಕ್ಕಿನ ಕೀಲಿ ಒಫೇಲಿಯಾಳ ಏಪ್ರನ್ನಿನ ಜೇಬಿನಲ್ಲಿತ್ತು. ಮಿರೆಯಾ ಎರಡು ಸಲ ಕೇಳಿದಳು. ಒಫೇಲಿಯಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಸೀಟು ಹೋಯಿತು.

ಮಿರೆಯಾ ಜಗುಲಿಯಲ್ಲಿ ಕಲಿತಳು. ಬಾಲ್ದೆ ತೋಟದಿಂದ ತಂದ ಚಕ್ಕೋತ ಹಣ್ಣುಗಳಿಗೆ ನೀರು ಚುಚ್ಚಿ ಚುಚ್ಚಿ ಅವಳ ಕೈ ಪಳಗಿತು. ತೆಂಚಾಳಿಗಿಂತ ಮೆತ್ತಗೆ ಚುಚ್ಚುತ್ತಾಳೆ ಎಂದು ಕಾಲೊನಿಯ ಹೆಂಗಸರು ಹೊಗಳಿದರು. ತೆಂಚಾ ಕುರ್ಚಿಯಲ್ಲಿ ಕೂತು ಹೆಮ್ಮೆಪಡುತ್ತಿದ್ದಳು. ದಾರಿಯಲ್ಲಿ ಸಿಕ್ಕ ಗ್ರಿಸೆಲ್ಡಾ, ಚಕ್ಕೋತಕ್ಕೆ ನರ ಇರೋದಿಲ್ಲ ಕಣೇ, ಎಂದಷ್ಟೇ ಹೇಳಿ ಹೋದಳು. ಅದನ್ನು ಎಲ್ಲರೂ ಹೊಟ್ಟೆಕಿಚ್ಚಿನ ಮಾತೆಂದುಕೊಂಡರು.

ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿದ ವಾರ ಬಾಲ್ದೆಯ ಸೊಂಟ ಹಿಡಿದುಕೊಂಡಿತು. ಸುಗ್ಗಿ ನಡೆಯುತ್ತಿತ್ತು, ಮನೆಯಲ್ಲಿ ಮಲಗುವ ಹಾಗಿರಲಿಲ್ಲ. ಒಫೇಲಿಯಾ ಸೇತುವೆಯಾಚೆಯಿಂದ ನೋವಿನ ಔಷಧಿ ತಂದಳು, ಜೊತೆಗೆ ಕೆಂಪು ಬಣ್ಣದ ವಿಟಮಿನ್. ತೆಂಚಾ ಎರಡನ್ನೂ ಒಂದೇ ಸಿರಿಂಜಿಗೆ ಎಳೆಯಲು ಹೇಳಿದಳು.

ಬಾಲ್ದೆ ಬಡಕಲು ಮನುಷ್ಯ. ಮಷೀನಿಗೆ ಕೈಯೂರಿ ನಿಂತ. ಚುಚ್ಚುವವಳು ಮಗಳು. ಅವನು ಯಾವತ್ತಿಗಿಂತ ಹೆಚ್ಚು ನಾಚಿದ, ಅಂಗಿಯನ್ನು ಯಾವತ್ತಿಗಿಂತ ಕೆಳಗೆ ಎಳೆದು ಹಿಡಿದ. ಪ್ಯಾಂಟು ಇನ್ನಷ್ಟು ಇಳಿಯಿತು. ಮಿರೆಯಾ ಅಪ್ಪನ ಮೈಯಿಂದ ಅರ್ಧ ಕಣ್ಣು ತಪ್ಪಿಸಿ, ಕಂಡ ಅಂಗೈಯಗಲ ಜಾಗದಲ್ಲಿ ಸೂಜಿ ಇಳಿಸಿದಳು.

ಬಾಲ್ದೆಯ ಮೊಣಕಾಲು ಕುಸಿಯಿತು.

"ಕಾಲಿಗೆ ಕರೆಂಟು ಹೊಡೀತು, ಮಗಳೇ. ಬೆರಳ ತನಕ."

ಮಿರೆಯಾಳ ಹೆಬ್ಬೆರಳು ನಿಂತಿತು. ಅವಳು ತೆಂಚಾಳ ಮುಖ ನೋಡಿದಳು.

"ಉರಿದ್ರೆ ಒಳ್ಳೇದೇ. ಒತ್ತು."

"ಒತ್ತಲಾ ಅಪ್ಪ?"

ಪ್ಯಾಂಟು ಮೇಲೇರಿಸಿಕೊಂಡರೆ ಸಾಕಾಗಿತ್ತು ಅವನಿಗೆ. "ಒತ್ತಿ ಮುಗಿಸಮ್ಮ," ಎಂದ.

ಅವಳು ಒತ್ತಿದಳು.

ಮನೆಗೆ ನಡೆಯುವಾಗಲೇ ಬಲಪಾದ ಮೇಲೇಳುತ್ತಿರಲಿಲ್ಲ. ಹೆಜ್ಜೆಯಿಟ್ಟರೆ ಪಾದ ನೆಲಕ್ಕೆ ಪಟ್ ಎಂದು ಬಡಿಯುತ್ತಿತ್ತು. ತೆಂಚಾ, ಜೋಮು, ಇಳಿಯುತ್ತೆ ಎಂದಳು. ಒಫೇಲಿಯಾ ಎಣ್ಣೆ ಹಚ್ಚಿ ತಿಕ್ಕಿದಳು, ಬಿಸಿ ಬಟ್ಟೆ ಕಟ್ಟಿದಳು. ಆಸ್ಪತ್ರೆಗೆ ಹೋದರೆ ಯಾರು ಚುಚ್ಚಿದರು ಎಂದು ಕೇಳುತ್ತಾರೆ. ಕೊಮಾದ್ರೆಯ ಹೆಸರು ಹೇಳಬೇಕಾಗುತ್ತದೆ, ಇಲ್ಲವೇ ಮಗಳ ಹೆಸರು. ಆ ಭಯದಲ್ಲಿ ವಾರಗಳು ಹೋದವು. ಬಾಲ್ದೆ ಪಾದ ಎಳೆಯುತ್ತಲೇ ತೋಟಕ್ಕೆ ಹೋಗುತ್ತಿದ್ದ. ಒಂದು ದಿನ ಏಣಿಯ ಮೆಟ್ಟಿಲಿಗೆ ಬೆರಳು ಸಿಕ್ಕಿಕೊಂಡು ಹಣ್ಣಿನ ಚೀಲದ ಸಮೇತ ಕೆಳಗೆ ಬಿದ್ದ. ಮೇಸ್ತ್ರಿ ನಾಳೆಯಿಂದ ಬರಬೇಡ ಎಂದ.

ಚರ್ಚಿನ ಅಂಗಳದಲ್ಲಿ ಆ ಪಟ್ ಪಟ್ ಸದ್ದು ಕೇಳಿ ತಿರುಗಿ ನೋಡಿದವಳು ಗ್ರಿಸೆಲ್ಡಾ. ಯಾರನ್ನೂ ಏನೂ ಕೇಳದೆ ಬಾಲ್ದೆಯನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದಳು. ಡಾಕ್ಟರು ಕಾಲಿಗೆ ತಂತಿ ಹಚ್ಚಿ ಪರೀಕ್ಷಿಸಿದರು. ಕುಂಡಿಯ ಆಳದಲ್ಲಿ ಇಡೀ ಕಾಲಿಗೆ ಇಳಿಯುವ ದಪ್ಪ ನರವೊಂದಿದೆ, ಸೂಜಿ ತೀರ ಕೆಳಗೆ ಚುಚ್ಚಿ ಔಷಧಿ ಅದಕ್ಕೇ ಹೋಗಿದೆ ಎಂದರು. ಸ್ವಲ್ಪ ಮರಳಬಹುದು, ಪೂರ್ತಿ ಮರಳುವ ಭರವಸೆ ಕೊಡಲಾರೆ ಎಂದರು. ಪಾದವನ್ನು ಎತ್ತಿ ಹಿಡಿಯಲು ಬೂಟಿನೊಳಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ ಕೊಟ್ಟರು.

ಅದೇ ಅಡುಗೆಮನೆಯಲ್ಲಿ ಒಫೇಲಿಯಾ ಮತ್ತೆ ಗ್ರಿಸೆಲ್ಡಾಳಿಗೆ ಕಾಫಿ ಕೊಟ್ಟಳು. ಮಿರೆಯಾ ಗೋಡೆಗೆ ಒರಗಿ ನಿಂತಿದ್ದಳು. ಕಾಲೇಜಿಗೆ ಹೋಗಿದ್ದರೆ ಇವಳಿಗೇನು ಹೇಳಿಕೊಡುತ್ತಿದ್ದರು ಎಂದು ಒಫೇಲಿಯಾ ಕೇಳಿದಳು. ಈ ಸಲ ನಗಲಿಲ್ಲ.

"ಮೊದಲು ನೋಡೋದನ್ನ," ಎಂದಳು ಗ್ರಿಸೆಲ್ಡಾ. "ಅಪ್ಪನೇ ಆಗ್ಲಿ, ಪಾದ್ರಿನೇ ಆಗ್ಲಿ, ಮಲಗಿಸಿ, ಬಟ್ಟೆ ಸರಿಸಿ, ಪೂರ್ತಿ ನೋಡ್ಬೇಕು. ಕೈಯಿಟ್ಟು ಮೂಳೆ ಹುಡುಕಿ ಜಾಗ ಗೊತ್ತುಮಾಡ್ಬೇಕು. ನಾಚಿಕೆ ಬಿಡೋಕೇ ನಂಗೆ ಅಲ್ಲಿ ತಿಂಗಳು ಹಿಡೀತು. ಕರೆಂಟು ಹೊಡೀತು ಅಂದ ತಕ್ಷಣ ಸೂಜಿ ಈಚೆಗೆ. ಯಾರು ಒತ್ತು ಅಂದ್ರೂ ಒತ್ತೋ ಹಾಗಿಲ್ಲ."

"ನಿಲ್ಲಿಸಿದ್ದೆ," ಎಂದಳು ಮಿರೆಯಾ.

"ಗೊತ್ತು ಕಣೆ. ನಿಲ್ಲಿಸಿದ್ದು ಸರೀನೇ ಅಂತ ಹೇಳೋರು ನಿಂಗ್ಯಾರೂ ಇರ್ಲಿಲ್ಲ."

ಒಫೇಲಿಯಾ ಏಪ್ರನ್ನಿನ ಜೇಬಿನಿಂದ ಟ್ರಕ್ಕಿನ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. ಮರುದಿನ ತಾಯಿ ಮಗಳು ಇಬ್ಬರೂ ಕಾಲೇಜಿಗೆ ಹೋದರು. ಮತ್ತೆ ಅರ್ಜಿ ಹಾಕಬಹುದು, ಆದರೆ ಈಗ ಸಾಲು ಉದ್ದವಾಗಿದೆ ಎಂದು ಅಲ್ಲಿನವರು ಹೇಳಿದರು. ಮಿರೆಯಾ ಸಾಲಿನಲ್ಲಿದ್ದಾಳೆ. ಸದ್ಯ ಅಪ್ಪನ ಬದಲಿಗೆ ಅವಳು ದುಡಿಯುತ್ತಿದ್ದಾಳೆ, ಹಣ್ಣು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ನಿಂತು ಕೊಳೆತ ಚಕ್ಕೋತಗಳನ್ನು ಬೇರೆ ಮಾಡುತ್ತಾಳೆ. ತೆಂಚಾ ಒಂದು ದಿನ ತಮಾಲೆಯ ಪಾತ್ರೆ ಹಿಡಿದು ಗೇಟಿನ ತನಕ ಬಂದಿದ್ದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಪಾತ್ರೆಯನ್ನು ಗೇಟಿನ ಕಂಬದ ಮೇಲಿಟ್ಟು ಹೋದಳು. ಜಗುಲಿಗೆ ಈಗಲೂ ಕೆಲವರು ಹೋಗುತ್ತಾರೆ, ತೆಂಚಾಳ ಕೈಲೇ, ನಿಂತೇ ಚುಚ್ಚಿಸಿಕೊಳ್ಳುತ್ತಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಒಂದು ಜಗುಲಿ ಇರಬಹುದು. ಅಲ್ಲಿ ಕೂತವರು ಒಳ್ಳೆಯವರೇ ಇರಬಹುದು. ಆದರೂ ಲೈಸೆನ್ಸ್ ಇದೆಯಾ ಎಂದು ಕೇಳಿ. ಕೇಳುವುದು ಅವಮಾನವಲ್ಲ. ಸೂಜಿ ಇಳಿದಾಗ ಕಾಲಿಗೆ ಕರೆಂಟು ಹೊಡೆದಂತಾದರೆ ನಿಲ್ಲಿಸಿ ಎಂದು ಬಾಯಿಬಿಟ್ಟು ಹೇಳಿ. ಪಾದ ಏಳದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಯಾರ ಹೆಸರು ಹೊರಬರುತ್ತದೋ ಎಂದು ಕಾಯುತ್ತ ಕೂರಬೇಡಿ. ನಿಮ್ಮ ಮನೆಯ ಹುಡುಗಿ, ಹುಡುಗ, ನರ್ಸಿಂಗ್ ಕಲಿಯುತ್ತೇನೆ ಎಂದರೆ, ಆ ಶಾಲೆಗೆ ಸರ್ಕಾರದ ನರ್ಸಿಂಗ್ ಮಂಡಳಿಯ ಒಪ್ಪಿಗೆ ಇದೆಯಾ ಎಂದು ಮೊದಲು ವಿಚಾರಿಸಿ. ಇದ್ದರೆ ಕೀಲಿ ಕೊಟ್ಟು ಕಳಿಸಿ. ಮನೆಯಲ್ಲೇ ಕಲಿಯಬಹುದು ಎಂದು ಯಾರಾದರೂ ಅಂದರೆ ಅವರಿಗೆ ಬಾಲ್ದೆಯ ಕಥೆ ಹೇಳಿ.

ನಮ್ಮ ಕಾಲೊನಿಯಲ್ಲಿ ಹೋದದ್ದು ಇಷ್ಟು: ಒಂದು ಪಾದ, ಒಂದು ಏಣಿಯ ಕೆಲಸ, ಒಂದು ಸೀಟು, ಇಬ್ಬರು ಕೊಮಾದ್ರೆಯರ ನಡುವಿನ ಮಾತು.